ಸಂಪ್ರದಾಯದ ಭಾರ ಹೊತ್ತವರು: ತೆರೆಯ ಮೇಲೆ ಜಪಾನಿನ ಕಥೆ-ಕಾದಂಬರಿ

1920ರಲ್ಲಿ ಯೊಕೊಹಾಮಾದ ತೈಕಾತ್ಸು ಎಂಬ ಹೊಸ ಚಿತ್ರಸಂಸ್ಥೆ ಕಾದಂಬರಿಕಾರ ಜುನಿಚಿರೋ ತನಿಜಾಕಿಯನ್ನು ಸಾಹಿತ್ಯ ಸಲಹೆಗಾರನನ್ನಾಗಿ ನೇಮಿಸಿಕೊಂಡಿತು. ಆತ ಅಲ್ಲಿ ಮೊದಲು ಬರೆದದ್ದು ‘ಅಮೆಚೂರ್ ಕ್ಲಬ್’, ಕಡಲತೀರದಲ್ಲಿ ಈಜುಡುಗೆ ತೊಟ್ಟು ನಲಿಯುವ ಹೊಸ ಕಾಲದ ಯುವಜನರ ಹಾಸ್ಯಚಿತ್ರ. ಮರುವರ್ಷ ಅದೇ ಸಂಸ್ಥೆಗೆ, ಅದೇ ನಿರ್ದೇಶಕ ಥಾಮಸ್ ಕುರಿಹಾರಾನಿಗೆ ಬರೆದುಕೊಟ್ಟದ್ದು ಹದಿನೆಂಟನೇ ಶತಮಾನದ ಉಎದಾ ಅಕಿನಾರಿಯ ಕಥೆ. ಹೆಣ್ಣಿನ ರೂಪ ತಾಳಿ ಗಂಡಸನ್ನು ಮರುಳುಮಾಡುವ ಹಾವಿನ ಕಥೆ ಅದು. ಎರಡೂ ಚಿತ್ರಗಳು ಇಂದು ಉಳಿದಿಲ್ಲ. ಆದರೆ ಜಪಾನಿನ ಸಾಹಿತ್ಯ ತೆರೆಗೆ ಬಂದ ನೂರು ವರ್ಷಗಳಲ್ಲಿ ಮುಂದೆ ನಡೆದದ್ದರ ಬೀಜವೆಲ್ಲ ಇಲ್ಲಿದೆ. ಹಳೆಯದನ್ನು ಬಯಸುವವರು, ಹೊಸದನ್ನು ಬಯಸುವವರು ಎಂದು ಎರಡು ಗುಂಪು ಇರಲಿಲ್ಲ. ಒಬ್ಬನೇ ಲೇಖಕ ಎರಡನ್ನೂ ಒಟ್ಟಿಗೆ ಬಯಸಿದ್ದ. 1923ರ ಭೂಕಂಪ ಟೋಕಿಯೊ, ಯೊಕೊಹಾಮಾಗಳನ್ನು ನೆಲಸಮ ಮಾಡಿದ ಮೇಲೆ ಆತ ಒಸಾಕಾ, ಕೋಬೆಗಳ ಕಡೆಗೆ ಹೋಗಿ ನೆಲೆಸಿದ. ಹತ್ತು ವರ್ಷದ ನಂತರ ಹಳೆಯ ಮನೆಗಳ ಮಬ್ಬುಬೆಳಕನ್ನೂ ಅರಗಿನ ಮೆರುಗಿನ ಬಟ್ಟಲುಗಳನ್ನೂ ಕೊಂಡಾಡಿ ಬರೆದ ಪ್ರಬಂಧ ಲೋಕಪ್ರಸಿದ್ಧವಾಯಿತು.

ತೈಕಾತ್ಸುವಿನಂಥ ಸಂಸ್ಥೆಗಳು ಬದಲಿಸಹೊರಟ ರೂಢಿಗಳಲ್ಲಿ ಒಂದು ಬಹಳ ಮುಖ್ಯವಾದದ್ದು. ಅದುವರೆಗೆ ಜಪಾನಿನ ಚಿತ್ರಗಳಲ್ಲಿ ಹೆಣ್ಣಿನ ಪಾತ್ರಗಳನ್ನು ಕಬುಕಿ ರಂಗಭೂಮಿಯ ಪದ್ಧತಿಯಂತೆ ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದರು. ತೆರೆಯ ಪಕ್ಕದಲ್ಲಿ ನಿಂತ ಬೆನ್ಶಿ ಎಂಬ ನಿರೂಪಕ ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬರಬೇಕು ಎಂಬುದು 1920ರ ಆಸುಪಾಸಿನ ಸುಧಾರಕರ ಹಟ. ಹಾಗಾಗಿ ತೆರೆಯ ಮೇಲೆ ಕಿಮೋನೋ ಉಟ್ಟು ತಲೆತಗ್ಗಿಸಿ ಕೂತ ಹೆಂಗಸು ಇಂದು ನಮಗೆ ಎಷ್ಟೇ ಹಳೆಯ ಕಾಲದವಳಾಗಿ ಕಂಡರೂ, ಅವಳು ಅಲ್ಲಿ ಬಂದು ಕೂತದ್ದೇ ಹೊಸ ಕಾಲದ ಗೆಲುವು. ಇದನ್ನು ಮರೆತರೆ ಮುಂದಿನ ಚಿತ್ರಗಳು ಅರ್ಧವಷ್ಟೇ ಅರ್ಥವಾಗುತ್ತವೆ ಎಂಬುದು ನನ್ನ ನಂಬಿಕೆ.

ಈ ಚಿತ್ರಗಳ ಬಗ್ಗೆ ಬರೆಯುವವರು ಚಹಾ ವಿಧಿ, ನೋ ನಾಟಕದ ಮುಖವಾಡ, ರೇಷ್ಮೆಯ ಉಡುಪುಗಳನ್ನು ಒಂದು ಕಡೆಗೂ ರೈಲು, ಕಚೇರಿ, ಕೋಟು-ಟೈಗಳನ್ನು ಇನ್ನೊಂದು ಕಡೆಗೂ ಇಟ್ಟು ನೋಡುವುದು ವಾಡಿಕೆ. ಹಾಗೆ ನೋಡಿದಾಗ ಸಿಗುವುದು ಹಳಹಳಿಕೆ ಮಾತ್ರ. ಆ ಸಂಪ್ರದಾಯ ದಿನವೂ ನಡೆದುಕೊಂಡು ಹೋಗಲು ಬೆಳಗ್ಗೆ ಎದ್ದು ದುಡಿಯುವವರು ಯಾರು, ಅದು ಮುರಿದುಬಿದ್ದಾಗ ಬೆಲೆ ತೆರುವವರು ಯಾರು ಎಂದು ಕೇಳಿದಾಗ ಈ ಚಿತ್ರಗಳು ನಿಜವಾಗಿ ಮಾತಾಡತೊಡಗುತ್ತವೆ. ಕವಾಬಾತಾ, ಸೋಸೆಕಿ, ಮಿಶಿಮಾ ಅವರ ಮುಖ್ಯ ಕಾದಂಬರಿಗಳು ಬಹುಪಾಲು ಒಬ್ಬ ಗಂಡಸಿನ ಮನಸ್ಸಿನೊಳಗೆ ಕೂತು ಲೋಕವನ್ನು ಕಾಣುತ್ತವೆ. ಅಲ್ಲಿ ಹೆಣ್ಣು ಬರುವುದು ಆತನ ನೆನಪು, ಆಸೆ, ಅಳುಕುಗಳ ಮೂಲಕ. ಕ್ಯಾಮೆರಾ ಅಷ್ಟು ಸುಲಭವಾಗಿ ಒಬ್ಬನ ಮನಸ್ಸಿನೊಳಗೆ ಅಡಗಲಾರದು. ಅದರ ಮುಂದೆ ಹೆಂಗಸು ಅನ್ನ ಬಡಿಸುತ್ತಾಳೆ, ಬಟ್ಟೆ ಮಡಿಚುತ್ತಾಳೆ, ಗಂಡನ ಕೋಟನ್ನು ಎತ್ತಿಡುತ್ತಾಳೆ. ನಿರೂಪಕನ ಕಣ್ಣು ತಪ್ಪಿಸಿದ ದುಡಿಮೆ ತೆರೆಯ ಮೇಲೆ ಕಂಡೇ ಕಾಣುತ್ತದೆ.

ಕವಾಬಾತಾನ ‘ಇಜುವಿನ ನರ್ತಕಿ’ಯನ್ನೇ ನೋಡಿ. 1926ರ ಈ ಕಥೆಯಲ್ಲಿ ಟೋಕಿಯೊದ ಪ್ರತಿಷ್ಠಿತ ಶಾಲೆಯ ವಿದ್ಯಾರ್ಥಿಯೊಬ್ಬ ಇಜು ಪರ್ಯಾಯದ್ವೀಪದ ದಾರಿಯಲ್ಲಿ ಅಲೆಮಾರಿ ಕಲಾವಿದರ ಜೊತೆ ಕೆಲವು ದಿನ ನಡೆಯುತ್ತಾನೆ. ಊರಬಾಗಿಲಲ್ಲಿ ಭಿಕ್ಷುಕರಿಗೂ ಅಲೆಮಾರಿ ಕಲಾವಿದರಿಗೂ ಪ್ರವೇಶವಿಲ್ಲ ಎಂಬ ಫಲಕಗಳಿರುತ್ತವೆ. ಕಥೆ ಅದನ್ನು ಹೇಳಿ ಮುಂದೆ ಸಾಗುತ್ತದೆ, ಹುಡುಗನ ಮನಸ್ಸು ತಿಳಿಯಾಗುವುದೇ ಅದಕ್ಕೆ ಮುಖ್ಯ. 1933ರಲ್ಲಿ ಹೇಯಿನೊಸುಕೆ ಗೋಶೊ ಇದನ್ನು ಮೂಕಿ ಚಿತ್ರ ಮಾಡಿದಾಗ ಕಥೆಯಲ್ಲಿಲ್ಲದ ಚಿನ್ನದ ಗಣಿಯ ಪ್ರಸಂಗವೊಂದನ್ನು ಸೇರಿಸಿ, ಆ ಕುಟುಂಬ ಹೇಗೆ ಬೀದಿಗೆ ಬಿತ್ತೆಂದು ತೋರಿಸಿದ. ನರ್ತಕಿಯಾಗಿ ಬಂದವಳು ಕಿನುಯೊ ತನಾಕಾ. ಮುಂದಿನ ಮೂವತ್ತು ವರ್ಷ ಈ ಲೇಖನದುದ್ದಕ್ಕೂ ಮತ್ತೆ ಮತ್ತೆ ಎದುರಾಗುವ ಮುಖ ಅದು. ಇದೇ ಕಥೆ ಮತ್ತೆ 1954, 1960, 1963, 1967, 1974ರಲ್ಲಿ ಚಿತ್ರವಾಯಿತು. ಕೊನೆಯದರಲ್ಲಿ ನಾಯಕಿ ಆ ಕಾಲದ ಜನಪ್ರಿಯ ಗಾಯಕಿ ಮೊಮೊಎ ಯಾಮಾಗುಚಿ. ಅಷ್ಟು ಹೊತ್ತಿಗೆ ಇಜು ಎಂದರೆ ಎಲ್ಲರೂ ಇಷ್ಟಪಡುವ ಹಳೆಯ ಜಪಾನಿನ ಚಿತ್ರಪಟವಾಗಿತ್ತು. ಗೋಶೊ ಎತ್ತಿದ ಬಡತನದ ಪ್ರಶ್ನೆ ಹಿಂದೆ ಸರಿದಿತ್ತು. ಒಂದು ಕೃತಿ ಎಷ್ಟು ಸಲ ತೆರೆಗೆ ಬಂತು ಎಂಬುದರಿಂದ ಅದರ ಆಳ ಹೆಚ್ಚುವುದಿಲ್ಲ.

1953ರ ಜಪಾನೀ ಚಿತ್ರಗಳೆಂದರೆ ಹೊರಗಿನವರಿಗೆ ಓಜುವಿನ ‘ಟೋಕಿಯೊ ಸ್ಟೋರಿ’, ಮಿಜೋಗುಚಿಯ ‘ಉಗೆತ್ಸು’ ನೆನಪಾಗುತ್ತವೆ. ಆದರೆ ‘ಕಿನೆಮಾ ಜುಂಪೊ’ ಪತ್ರಿಕೆಯ ಆ ವರ್ಷದ ಪಟ್ಟಿಯಲ್ಲಿ ಇವೆರಡನ್ನೂ ಹಿಂದಿಕ್ಕಿ ಮೊದಲ ಸ್ಥಾನ ಪಡೆದದ್ದು ತದಾಶಿ ಇಮಾಯಿಯ ‘ನಿಗೊರಿಎ’. 24ನೇ ವಯಸ್ಸಿನಲ್ಲಿ, 1896ರಲ್ಲಿ ತೀರಿಕೊಂಡ ಲೇಖಕಿ ಇಚಿಯೊ ಹಿಗುಚಿಯ ಮೂರು ಕಥೆಗಳು ಇದರಲ್ಲಿವೆ. ಮೊದಲ ಕಥೆಯಲ್ಲಿ ದೊಡ್ಡ ಅಧಿಕಾರಿಯ ಹೆಂಡತಿಯೊಬ್ಬಳು ಗಂಡನ ಹಿಂಸೆ ತಾಳದೆ ರಾತ್ರಿ ಹೊತ್ತು ತವರಿಗೆ ಬಂದು ವಿಚ್ಛೇದನ ಕೊಡಿಸಿ ಎಂದು ಬೇಡುತ್ತಾಳೆ. ಮಗನ ಭವಿಷ್ಯ, ತಮ್ಮನ ಕೆಲಸ, ಎಲ್ಲವೂ ಅಳಿಯನ ಕೃಪೆಯ ಮೇಲೆ ನಿಂತಿದೆ. ತಂದೆ ಅವಳನ್ನು ಸಮಾಧಾನ ಮಾಡಿ ಹಿಂದಕ್ಕೆ ಕಳಿಸುತ್ತಾನೆ. ಮರಳುವ ದಾರಿಯಲ್ಲಿ ಹತ್ತಿದ ರಿಕ್ಷಾ ಎಳೆಯುತ್ತಿರುವವನು ಅವಳ ಬಾಲ್ಯದ ಗೆಳೆಯ. ರಿಕ್ಷಾ ಆ ಯುಗದ ಹೊಸ ವಾಹನ, ಅಧಿಕಾರಿಯ ಹುದ್ದೆ ಆ ಯುಗದ ಹೊಸ ಏಣಿ. ಮದುವೆಯೊಳಗಿನ ಅಧಿಕಾರ ಮಾತ್ರ ಹಳೆಯದು, ಹೊಸ ಹುದ್ದೆ ಅದಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ಹೊಸತು ಬಂದಾಗ ಹಳೆಯದು ತಾನಾಗಿ ಹಿಂದೆ ಸರಿಯುತ್ತದೆ ಎಂದು ನಂಬುವವರು ಈ ಚಿತ್ರ ನೋಡಬೇಕು. ‘ಘಟಶ್ರಾದ್ಧ’ದ ಯಮುನಕ್ಕನನ್ನು ಕಂಡ ಕನ್ನಡಿಗರಿಗೆ ಆ ಮನೆಯ ಮೌನ ಪರಕೀಯವೆನಿಸದು.

ಯುದ್ಧ ಮುಗಿದ ಮೇಲೆ ಅಮೆರಿಕದ ಆಡಳಿತ 1952ರವರೆಗೆ ಚಿತ್ರಗಳ ಮೇಲೆ ಕಣ್ಣಿಟ್ಟಿತ್ತು. ಊಳಿಗಮಾನ್ಯ ನಿಷ್ಠೆಯನ್ನು ಹೊಗಳುವ ಕಥೆಗಳಿಗೆ ತಡೆಯಿತ್ತು. ಆ ದಿನಗಳಲ್ಲೇ ಓಜು ಕಜುಓ ಹಿರೊತ್ಸುವಿನ ಸಣ್ಣ ಕೃತಿಯೊಂದನ್ನು ಆಧರಿಸಿ ‘ಲೇಟ್ ಸ್ಪ್ರಿಂಗ್’ (1949) ಮಾಡಿದ. ಚಹಾ ವಿಧಿ, ನೋ ನಾಟಕ, ಕ್ಯೋಟೊದ ದೇವಾಲಯ ಎಲ್ಲವೂ ಅಲ್ಲಿವೆ. ಮಗಳು ಸೈಕಲ್ ಮೇಲೆ ಕಡಲತೀರಕ್ಕೆ ಹೋಗುವ ದಾರಿಯಲ್ಲಿ ಕೋಕಾಕೋಲಾ ಫಲಕವೂ ಇದೆ. ಈ ಫಲಕದ ಬಗ್ಗೆ ಎಷ್ಟೋ ಬರೆಯಲಾಗಿದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಮದುವೆ ಬೇಡ, ಅಪ್ಪನ ಜೊತೆಗೇ ಇರುತ್ತೇನೆ ಎನ್ನುವ ಮಗಳ ಹಟ. ಅವಳ ಬಯಕೆ ಹಳೆಯ ಮನೆಯ ಬಯಕೆ. ಅವಳನ್ನು ಹೊರಗೆ ಕಳಿಸುವುದೂ ಹಳೆಯ ಮನೆಯ ನಿಯಮವೇ. ನೋ ನಾಟಕದ ಮಧ್ಯೆ ಮಗಳಾಗಿ ನಟಿಸಿದ ಸೆತ್ಸುಕೊ ಹಾರಾಳ ಮುಖ ಕಂದಿಹೋಗುವ ದೃಶ್ಯದಲ್ಲಿ ಇದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ.

ಅದೇ ಹಾರಾ ಐದು ವರ್ಷದ ಬಳಿಕ ಮಿಕಿಯೊ ನರುಸೆಯ ‘ಬೆಟ್ಟದ ಸದ್ದು’ (1954) ಚಿತ್ರದಲ್ಲಿ ಸೊಸೆ ಕಿಕುಕೊ ಆಗಿ ಬರುತ್ತಾಳೆ. ನನ್ನ ಮಟ್ಟಿಗೆ ಈ ಇಡೀ ಪರಂಪರೆಯ ನಡುಗಂಬ ಈ ಚಿತ್ರ. ಕವಾಬಾತಾನ ಕಾದಂಬರಿಯಲ್ಲಿ ಕಾಮಕುರಾದ ಮನೆಯ ಹಿರಿಯ ಶಿಂಗೊಗೆ ಅರವತ್ತು ದಾಟಿದೆ. ನೆನಪು ಕೈಕೊಡುತ್ತಿದೆ, ರಾತ್ರಿ ಬೆಟ್ಟದಿಂದ ಬರುವ ಸದ್ದಿನಲ್ಲಿ ಸಾವಿನ ಕರೆ ಕೇಳುತ್ತಿದೆ. ಯುದ್ಧದಿಂದ ಮರಳಿದ ಮಗ ಟೋಕಿಯೊದಲ್ಲಿ ಇನ್ನೊಬ್ಬಳ ಸಹವಾಸದಲ್ಲಿದ್ದಾನೆ. ಸೊಸೆ ನಗುನಗುತ್ತ ಮನೆ ನಡೆಸುತ್ತಾಳೆ. ಮುದುಕನಿಗೆ ಅವಳ ಮೇಲೆ ಮಮತೆ, ಮಮತೆಯ ಆಚೆಗೂ ಹೆಸರಿಡಲಾಗದ ಏನೋ ಒಂದು. ಕಾದಂಬರಿಯ ಒಂದು ಮರೆಯಲಾಗದ ಕ್ಷಣದಲ್ಲಿ ಕಿಕುಕೊ ಎಳೆಯ ಹುಡುಗನ ಮುಖದ ನೋ ಮುಖವಾಡ ತೊಡುತ್ತಾಳೆ, ಅದರಡಿಯಿಂದ ಕಣ್ಣೀರು ಗಲ್ಲಕ್ಕೆ ಇಳಿಯುತ್ತದೆ. ಮನೆಯ ಚೆಲುವು ಅಳುವವಳ ಮುಖಕ್ಕೆ ಮುಚ್ಚಿದ ಮುಸುಕು ಎಂದು ಕವಾಬಾತಾ ಅರಿತಿದ್ದ. ಅರಿತೂ ಕಾದಂಬರಿಯ ಕೊನೆಯಲ್ಲಿ ಅವಳನ್ನು ಅಡುಗೆಮನೆಯಲ್ಲೇ ಬಿಟ್ಟ: ಮಾವ ಏನೋ ಹೇಳುತ್ತಾನೆ, ಪಾತ್ರೆ ತೊಳೆಯುವ ಸದ್ದಿನಲ್ಲಿ ಅವಳಿಗೆ ಕೇಳುವುದಿಲ್ಲ.

ಚಿತ್ರಕಥೆ ಬರೆದ ಯೋಕೊ ಮಿಜುಕಿ ಈ ಮುಕ್ತಾಯವನ್ನು ಒಪ್ಪಲಿಲ್ಲ. ಕಾದಂಬರಿಯ ಮಧ್ಯದಲ್ಲಿ ಬರುವ ಶಿಂಜುಕು ಉದ್ಯಾನದ ಭೇಟಿಯನ್ನು ಕೊನೆಗೆ ತಂದಳು. ಗಂಡ ಹೀಗಿರುವಾಗ ಮಗು ಬೇಡವೆಂದು ತಾನೇ ನಿರ್ಧರಿಸಿ ಗರ್ಭ ತೆಗೆಸಿಕೊಂಡ ಕಿಕುಕೊ, ಆ ಬಯಲಿನಂಥ ತೋಟದಲ್ಲಿ ಮಾವನ ಎದುರು ನಿಂತು ಮನೆ ಬಿಡುವ ಮಾತಾಡುತ್ತಾಳೆ. ಜಪಾನಿನಲ್ಲಿ ಗರ್ಭಪಾತ ಕಾನೂನುಬದ್ಧವಾದದ್ದು 1948ರಲ್ಲಿ. ಹೊಸ ಕಾಯಿದೆ ಅವಳ ಕೈಗೆ ಕೊಟ್ಟ ಏಕೈಕ ಅಸ್ತ್ರವನ್ನು ಅವಳು ತನ್ನ ಮೈಯ ಮೇಲೆಯೇ ಬಳಸಬೇಕಾಯಿತು. ಅತ್ತ ಗಂಡನ ಪ್ರೇಯಸಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು, ತನ್ನ ಮಗುವನ್ನು ಹೆತ್ತೇ ತೀರುತ್ತೇನೆ ಎನ್ನುತ್ತಾಳೆ. ಹೆಂಡತಿ, ಪ್ರೇಯಸಿ ಇಬ್ಬರೂ ತೀರ್ಮಾನ ಮಾಡಬಲ್ಲವರು. ತೀರ್ಮಾನ ಮಾಡಲು ಬಾರದವರು ಆ ಮನೆಯ ಗಂಡಸರು. ನರುಸೆ ಇದಕ್ಕಾಗಿ ದನಿ ಎತ್ತುವುದಿಲ್ಲ. ಓಣಿಯಲ್ಲಿ ನಡೆದು ಬರುವುದು, ಬಾಗಿಲು ಸರಿಸುವುದು, ಮೀನು ಎಣಿಸಿ ತರುವುದು ಇಂಥವುಗಳಲ್ಲೇ ಎಲ್ಲವನ್ನೂ ಹೇಳುತ್ತಾನೆ.

ಮಿಜುಕಿಯ ಹೆಸರನ್ನು ಇಲ್ಲಿ ಒತ್ತಿ ಹೇಳಬೇಕು. ನರುಸೆಯ ‘ತೇಲುವ ಮೋಡಗಳು’ (1955), ಇಮಾಯಿಯ ‘ನಿಗೊರಿಎ’, ಕೊಬಾಯಾಶಿಯ ‘ಕ್ವೈದಾನ್’ ಇವೆಲ್ಲದರ ಬರವಣಿಗೆಯಲ್ಲೂ ಆಕೆ ಇದ್ದಾಳೆ. ಕೋನ್ ಇಚಿಕಾವಾನ ‘ಬರ್ಮೀಸ್ ಹಾರ್ಪ್’, ‘ಎಂಜೊ’, ‘ಕಾಗಿ’, ‘ನೊಬಿ’ ಚಿತ್ರಗಳಿಗೆ ಬರೆದವಳು ಆತನ ಹೆಂಡತಿ ನತ್ತೊ ವಾದಾ. ಶಿನೊದಾನ ‘ಡಬಲ್ ಸೂಯಿಸೈಡ್’ಗೆ ಬರೆದವರಲ್ಲಿ ಕವಯಿತ್ರಿ ತಾಎಕೊ ತೊಮಿಯೊಕಾ ಇದ್ದಳು. ಈ ಚರಿತ್ರೆಯನ್ನು ನಿರ್ದೇಶಕರ ಹೆಸರುಗಳಲ್ಲೇ ಹೇಳಿಕೊಂಡು ಬಂದಿದ್ದೇವೆ. ಮೂಲದ ಗಂಡು ನಿರೂಪಕನ ಹಿಡಿತದಿಂದ ಪಾತ್ರಗಳನ್ನು ಬಿಡಿಸಿ ತಂದ ಬಹಳಷ್ಟು ಕೆಲಸ ಈ ಲೇಖಕಿಯರ ಮೇಜಿನ ಮೇಲೆ ನಡೆದಿದೆ.

ಮಿಜೋಗುಚಿ ಹಿಂದಿನ ಶತಮಾನಗಳಿಗೆ ಹೋದವನು. ಆತನ ‘ಓಹಾರುವಿನ ಬದುಕು’ (1952) ಸೈಕಾಕು 1686ರಲ್ಲಿ ಬರೆದ ಕೃತಿಯಿಂದ ಬಂತು. ಸೈಕಾಕುವಿನ ನಾಯಕಿ ತನ್ನ ಪ್ರಣಯಗಳನ್ನು ತಾನೇ ಚುರುಕಾಗಿ ಹೇಳಿಕೊಳ್ಳುವ ಹೆಂಗಸು. ತನಾಕಾ ನಟಿಸಿದ ಓಹಾರು ಮಾತ್ರ ಕೈಯಿಂದ ಕೈಗೆ ಮಾರಿಹೋಗುವವಳು. ಮೂಲದ ವಿನೋದವನ್ನು ಬಿಟ್ಟುಕೊಟ್ಟದ್ದು ನಷ್ಟವೇ ಸರಿ, ಆದರೆ ಎದುರಿಗೆ ಬಂದದ್ದು ಒಂದು ವ್ಯವಸ್ಥೆಯ ಪೂರ್ತಿ ಚಿತ್ರ. ‘ಸಾನ್ಶೊ’ (1954) ಇನ್ನೂ ದೊಡ್ಡ ಉದಾಹರಣೆ. ಓಗಾಯಿ ಮೋರಿಯ 1915ರ ಕಥೆಯಲ್ಲಿ ಗುಲಾಮರಿಗೆ ಕೂಲಿ ಕೊಡಬೇಕೆಂಬ ಆಜ್ಞೆ ಬಂದ ಮೇಲೂ ಸಾನ್ಶೊವಿನ ಮನೆತನ ಇನ್ನಷ್ಟು ಸಮೃದ್ಧವಾಗುತ್ತದೆ, ಕುರುಡಿ ತಾಯಿಗೆ ಬೋಧಿಸತ್ವನ ವಿಗ್ರಹದ ಮಹಿಮೆಯಿಂದ ಕಣ್ಣು ಬರುತ್ತದೆ. ಮಿಜೋಗುಚಿ ಎರಡನ್ನೂ ತೆಗೆದುಹಾಕಿದ. ಆತನ ಚಿತ್ರದಲ್ಲಿ ಬಿಡುಗಡೆಯಾದ ಗುಲಾಮರು ಸಾನ್ಶೊವಿನ ಮನೆಗೆ ಬೆಂಕಿಯಿಡುತ್ತಾರೆ, ತಾಯಿ ಕುರುಡಿಯಾಗಿಯೇ ಮಗನನ್ನು ತಡವಿ ಗುರುತಿಸುತ್ತಾಳೆ. ಯುದ್ಧ ಕಂಡ ಪೀಳಿಗೆಗೆ ಪವಾಡ ಬೇಕಿರಲಿಲ್ಲ. ಮನುಷ್ಯ ಮನುಷ್ಯನನ್ನು ಕೊಳ್ಳಬಾರದು ಎಂಬ ಮಾತು ಬೇಕಿತ್ತು. ಹನ್ನೊಂದನೇ ಶತಮಾನದ ಉಡುಪಿನಲ್ಲಿ ಬಂದ ಈ ಚಿತ್ರ ಆ ದಶಕದ ಅತ್ಯಂತ ಆಧುನಿಕ ಚಿತ್ರಗಳಲ್ಲಿ ಒಂದು. ಕುರೋಸಾವಾನ ‘ರಾಶೊಮೊನ್’ (1950) ಹೆಚ್ಚು ಪ್ರಸಿದ್ಧ. ಅಕುತಗಾವಾನ ಎರಡು ಕಥೆಗಳನ್ನು ಹೆಣೆದು, ಅಲ್ಲಿಲ್ಲದ ಅನಾಥ ಕೂಸೊಂದನ್ನು ಕೊನೆಗೆ ತಂದ ಅದು ಸತ್ಯದ ಬಗೆಗಿನ ಚಿತ್ರ. ನಾವು ಕೇಳುತ್ತಿರುವ ಪ್ರಶ್ನೆಗೆ ಅದಕ್ಕಿಂತ ‘ಸಾನ್ಶೊ’ ಹತ್ತಿರ.

ಒಂದೇ ಕೃತಿಯ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕೆಂದರೆ ಶಿಚಿರೊ ಫುಕಜಾವಾನ ‘ನರಾಯಾಮಾ’ ಕಥೆಗಿಂತ ಒಳ್ಳೆಯದು ಇಲ್ಲ. 1956ರಲ್ಲಿ ಬಂದ ಈ ಕಥೆಯ ಹಳ್ಳಿಯಲ್ಲಿ ಎಪ್ಪತ್ತು ತುಂಬಿದವರನ್ನು ಮಗ ಬೆನ್ನಮೇಲೆ ಹೊತ್ತು ಬೆಟ್ಟಕ್ಕೆ ಒಯ್ದು ಬಿಟ್ಟುಬರಬೇಕು. ಮುದುಕಿ ಓರಿನ್‌ಗೆ ತನ್ನ ಹಲ್ಲು ಇನ್ನೂ ಗಟ್ಟಿಯಾಗಿದೆ ಎಂಬುದೇ ನಾಚಿಕೆ. ಅನ್ನಕ್ಕೆ ತತ್ವಾರವಿರುವ ಊರಲ್ಲಿ ಅಗಿಯಬಲ್ಲ ಬಾಯಿ ಅವಮಾನದ ಸಂಗತಿ, ಹಾಗಾಗಿ ಕಲ್ಲಿಗೆ ಬಡಿದು ಅವನ್ನು ಮುರಿದುಕೊಳ್ಳುತ್ತಾಳೆ. 1958ರಲ್ಲಿ ಕೇಯಿಸುಕೆ ಕಿನೊಶಿತಾ ಇದನ್ನು ಕಬುಕಿಯ ರೀತಿಯಲ್ಲಿ ಕಟ್ಟಿದ. ಕಪ್ಪು ಬಟ್ಟೆಯ ನಿರೂಪಕ, ಸರಿಯುವ ಪರದೆ, ಬಣ್ಣ ಬಳಿದ ಆಕಾಶ, ಹಾಡಿನ ಮೂಲಕ ಸಾಗುವ ಕಥನ. ಓರಿನ್ ಆಗಿ ಮತ್ತೆ ತನಾಕಾ. ನಂಬಲಾಗದಷ್ಟು ಕ್ರೂರವಾದದ್ದನ್ನು ವಿಧಿಯಂತೆ, ಸುಂದರವಾಗಿ ತೋರಿಸಿ, ಆ ಸೌಂದರ್ಯವೇ ನಮ್ಮನ್ನು ಕದಡುವಂತೆ ಮಾಡುತ್ತಾನೆ. ಕೊನೆಯಲ್ಲಿ ಬಣ್ಣದ ರಂಗಸಜ್ಜಿಕೆ ಮಾಯವಾಗಿ ನಿಜವಾದ ಹಿಮ, ನಿಜವಾದ ರೈಲು ನಿಲ್ದಾಣ ಕಾಣುತ್ತದೆ. ನಿಲ್ದಾಣದ ಹೆಸರು ಒಬಾಸುತೆ, ಮುದುಕಿಯರನ್ನು ಬಿಟ್ಟುಬರುವ ಐತಿಹ್ಯದ ಹೆಸರನ್ನೇ ಹೊತ್ತ ಊರು. ಉಗಿಬಂಡಿ ಬಂದು ನಿಲ್ಲುತ್ತದೆ.

1983ರಲ್ಲಿ ಶೊಹೇಯಿ ಇಮಾಮುರಾ ಅದೇ ಕಥೆಯನ್ನು ನಿಜವಾದ ಬೆಟ್ಟಗಳಿಗೆ ಒಯ್ದ. ಹಿಮ ಕರಗಿದ ಹೊಲದಲ್ಲಿ ಕೂಸಿನ ಹೆಣ, ಕದ್ದ ತಪ್ಪಿಗೆ ಇಡೀ ಕುಟುಂಬವನ್ನು ಜೀವಂತ ಹೂಳುವ ಊರು, ಮನುಷ್ಯರ ಕೂಡುವಿಕೆಯ ಪಕ್ಕದಲ್ಲೇ ಹಾವು-ಕಪ್ಪೆಗಳ ಬದುಕು. ಇಲ್ಲಿ ಪದ್ಧತಿ ಎಂಬುದು ಕಾಳಿನ ಲೆಕ್ಕ. ಚಳಿಗಾಲಕ್ಕೆ ಎಷ್ಟು ಧಾನ್ಯ ಇದೆ, ಎಷ್ಟು ಬಾಯಿ ಇವೆ ಎಂಬ ಲೆಕ್ಕದಲ್ಲಿ ಮುದುಕರೂ ಎಳೆಗೂಸುಗಳೂ ಮೊದಲು ಕಳೆದುಹೋಗುತ್ತಾರೆ. ಜಪಾನ್ ಸಿರಿವಂತಿಕೆಯ ತುದಿಯತ್ತ ಏರುತ್ತಿದ್ದ ಹೊತ್ತಿನಲ್ಲಿ ಬಂದ ಈ ಚಿತ್ರಕ್ಕೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಸಿಕ್ಕಿತು. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು ಕಿನೊಶಿತಾನ ಕಡೆ ವಾಲುತ್ತೇನೆ. ಇಮಾಮುರಾ ಆ ಹಳ್ಳಿಯ ಹಸಿವನ್ನು ನಂಬಿಸುತ್ತಾನೆ. ಓರಿನ್ ತಾನಾಗಿಯೇ, ಖುಷಿಯಿಂದ ಬೆಟ್ಟಕ್ಕೆ ಹೊರಡುವಂತೆ ಮಾಡಿದ ಹಾಡು, ಕಥೆ, ಗೌರವದ ಕಲ್ಪನೆಗಳನ್ನು ಕಿನೊಶಿತಾ ನಮಗೂ ಉಣಿಸಿ, ನಾವೂ ಆ ಚೆಲುವಿಗೆ ಒಲಿದೆವೆಂದು ಗೊತ್ತಾಗುವ ಹೊತ್ತಿಗೆ ರೈಲು ತಂದು ನಿಲ್ಲಿಸುತ್ತಾನೆ.

ಮಸಾಹಿರೊ ಶಿನೊದಾನ ‘ಡಬಲ್ ಸೂಯಿಸೈಡ್’ (1969) ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಮೂಲ, ಚಿಕಾಮಾತ್ಸು 1721ರಲ್ಲಿ ಗೊಂಬೆಯಾಟಕ್ಕೆಂದು ಬರೆದ ನಾಟಕ. ಕಾಗದದ ವ್ಯಾಪಾರಿ ಜಿಹೇಯಿ ವೇಶ್ಯೆ ಕೊಹಾರುವಿಗೆ ಒಲಿದು ಮನೆ ಹಾಳುಮಾಡಿಕೊಳ್ಳುತ್ತಾನೆ. ಚಿತ್ರ ಶುರುವಾಗುವುದು ಗೊಂಬೆಗಳನ್ನು ಆಟಕ್ಕೆ ಸಜ್ಜುಮಾಡುವ ದೃಶ್ಯದಿಂದ. ಹಿನ್ನೆಲೆಯಲ್ಲಿ ನಿರ್ದೇಶಕ ಫೋನಿನಲ್ಲಿ ತೊಮಿಯೊಕಾಳೊಂದಿಗೆ ಚಿತ್ರೀಕರಣದ ಬಗ್ಗೆ ಮಾತಾಡುತ್ತಿದ್ದಾನೆ. ಆಮೇಲೆ ಗೊಂಬೆಗಳ ಜಾಗಕ್ಕೆ ಮನುಷ್ಯರು ಬರುತ್ತಾರೆ. ಗೊಂಬೆಯಾಡಿಸುವ ಕಪ್ಪುಬಟ್ಟೆಯವರು ಮಾತ್ರ ಹೋಗುವುದಿಲ್ಲ. ಪಾತ್ರಗಳ ಪಕ್ಕದಲ್ಲೇ ಓಡಾಡುತ್ತಾರೆ, ಬೇಕಾದ ವಸ್ತು ಎತ್ತಿಕೊಡುತ್ತಾರೆ, ಸಾವಿನ ಕಡೆಗೆ ದಾರಿ ತೋರುತ್ತಾರೆ. ಹೆಂಡತಿ ಓಸಾನ್, ವೇಶ್ಯೆ ಕೊಹಾರು ಇಬ್ಬರನ್ನೂ ಶಿಮಾ ಇವಾಶಿತಾ ಒಬ್ಬಳೇ ನಟಿಸಿದ್ದಾಳೆ. ಕೊಹಾರುವನ್ನು ಸಾವಿನಿಂದ ಉಳಿಸಲು ಓಸಾನ್ ತನ್ನ ಮತ್ತು ಮಕ್ಕಳ ಬಟ್ಟೆಗಳನ್ನು ಅಡವಿಡಲು ಹೊರತೆಗೆಯುವ ದೃಶ್ಯ ಚಿಕಾಮಾತ್ಸುವಿನಲ್ಲೇ ಇದೆ. ಎರಡೂ ಪಾತ್ರಕ್ಕೆ ಒಂದೇ ಮುಖ ಬಂದಾಗ ಅದರ ಅರ್ಥ ಬೆಳೆಯುತ್ತದೆ. ಗೃಹಿಣಿ, ವೇಶ್ಯೆ ಎಂದು ಸಮಾಜ ಬೇರೆ ಮಾಡಿಟ್ಟ ಇಬ್ಬರು ಒಬ್ಬರ ಋಣ ಇನ್ನೊಬ್ಬರು ಹೊತ್ತವರು. ಇನ್ನೂರೈವತ್ತು ವರ್ಷ ಹಳೆಯ ರೂಢಿಗಳನ್ನು ಒಂದೂ ಬಿಡದೆ ಬಳಸಿ ಇಷ್ಟು ಹೊಸ ಚಿತ್ರ ಮಾಡಬಹುದೆಂದು ಶಿನೊದಾ ತೋರಿಸಿದ.

ಹೆಣ್ಣಿನ ಸುತ್ತ ತಿರುಗದ ಒಂದು ಚಿತ್ರವನ್ನು ಬಿಡುವಂತಿಲ್ಲ. ಕ್ಯೋಟೊದ ಸ್ವರ್ಣಮಂದಿರಕ್ಕೆ 1950ರ ಜುಲೈ 2ರಂದು ಅಲ್ಲಿನ ಎಳೆಯ ಸಂನ್ಯಾಸಿಯೊಬ್ಬ ಬೆಂಕಿಯಿಟ್ಟ. 1955ರಲ್ಲಿ ಮಂದಿರ ಮತ್ತೆ ಎದ್ದು ನಿಂತಿತು, ಮರುವರ್ಷ ಇದೇ ಘಟನೆಯ ಮೇಲೆ ಮಿಶಿಮಾನ ಕಾದಂಬರಿ ಬಂತು, 1958ರಲ್ಲಿ ಇಚಿಕಾವಾನ ‘ಎಂಜೊ’. ಮಂದಿರದವರ ವಿರೋಧದಿಂದಾಗಿ ಚಿತ್ರದಲ್ಲಿ ಮಂದಿರದ ಹೆಸರನ್ನೇ ಬದಲಿಸಬೇಕಾಯಿತು. ಮಿಶಿಮಾನಿಗೆ ಸೌಂದರ್ಯವೇ ನಾಯಕ; ಅದು ಹುಡುಗನ ಬದುಕಿಗೆ ಅಡ್ಡ ನಿಂತ ಶಕ್ತಿ. ಇಚಿಕಾವಾ ಮತ್ತು ವಾದಾ ಕಣ್ಣನ್ನು ಮಂದಿರದ ಒಳಾಡಳಿತದ ಕಡೆಗೆ ತಿರುಗಿಸಿದರು. ಪ್ರವಾಸಿಗರ ಟಿಕೆಟ್ಟಿನ ಹಣ, ಗುಟ್ಟಾಗಿ ಗೇಶಾಳನ್ನು ಇಟ್ಟುಕೊಂಡ ಮುಖ್ಯ ಗುರು, ಮಗ ಆ ಪೀಠಕ್ಕೇರಲಿ ಎಂದು ಹಪಹಪಿಸುವ ತಾಯಿ, ಇವುಗಳ ನಡುವೆ ತೊದಲುವ ಹುಡುಗ. ಛಾಯಾಗ್ರಾಹಕ ಕಜುಓ ಮಿಯಾಗಾವಾ ಚಿತ್ರೀಕರಿಸಿದ್ದು ಕಪ್ಪುಬಿಳುಪಿನಲ್ಲಿ, ಹಾಗಾಗಿ ಚಿನ್ನದ ಮಂದಿರ ಚಿನ್ನವಾಗಿ ಕಾಣುವುದೇ ಇಲ್ಲ. ಕಾದಂಬರಿಯ ಹುಡುಗ ಬೆಂಕಿಯಿಟ್ಟ ಮೇಲೆ ಬದುಕಬೇಕೆಂದುಕೊಳ್ಳುತ್ತಾನೆ; ಚಿತ್ರದ ಹುಡುಗ ಪೊಲೀಸರ ವಶದಲ್ಲಿರುವಾಗ ಓಡುವ ರೈಲಿನಿಂದ ಹಾರಿ ಸಾಯುತ್ತಾನೆ. ಮಿಶಿಮಾನ ತತ್ವಚಿಂತನೆ ಇಲ್ಲಿ ತೆಳುವಾಯಿತೆಂಬ ದೂರು ನ್ಯಾಯವೇ. ಆದರೂ ಪವಿತ್ರವಾದದ್ದು ಪ್ರೇಕ್ಷಣೀಯ ಸ್ಥಳವಾಗಿ ಮಾರಾಟಕ್ಕೆ ನಿಂತಾಗ, ಅದನ್ನು ನಿಜವಾಗಿ ನಂಬಿದವನಿಗೆ ಜಾಗವಿಲ್ಲದಾಗುತ್ತದೆ ಎಂಬ ನೋವನ್ನು ಈ ಚಿತ್ರ ಕಾದಂಬರಿಗಿಂತ ಸ್ಪಷ್ಟವಾಗಿ ಹೇಳುತ್ತದೆ.

ಅದೇ ಇಚಿಕಾವಾ ಕಾಲು ಶತಮಾನದ ನಂತರ ತನಿಜಾಕಿಯ ‘ಮಕಿಯೊಕಾ ಸೋದರಿಯರು’ (1983) ಮಾಡಿದ ರೀತಿ ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಒಸಾಕಾದ ಇಳಿಗಾಲದ ವ್ಯಾಪಾರಿ ಮನೆತನ, ನಾಲ್ವರು ಅಕ್ಕತಂಗಿಯರು, ಮೂರನೆಯವಳು ಯುಕಿಕೊಗೆ ಮೇಲಿಂದ ಮೇಲೆ ಗಂಡು ನೋಡುವ ಶಾಸ್ತ್ರ, ಗೊಂಬೆ ಮಾಡಿ ಸ್ವಂತ ದುಡಿಮೆಯ ಮೇಲೆ ನಿಲ್ಲಲು ಹೊರಟ ಕಿರಿಯಳು ತಾಎಕೊ. 1943ರಲ್ಲಿ ಈ ಕಾದಂಬರಿ ಪತ್ರಿಕೆಯಲ್ಲಿ ಶುರುವಾದಾಗ, ಯುದ್ಧದ ಹೊತ್ತಿನಲ್ಲಿ ಹೆಂಗಸರ ಈ ಸುಖದ ಬದುಕು ಸಲ್ಲದೆಂದು ಸೇನೆಯ ಒತ್ತಡದಿಂದ ಅದನ್ನು ನಿಲ್ಲಿಸಲಾಯಿತು. ಚಿತ್ರದಲ್ಲಿ ಕ್ಯೋಟೊದ ಚೆರ್ರಿ ಹೂಗಳ ನಡುವೆ ನಾಲ್ವರು ನಡೆಯುವ ದೃಶ್ಯದ ಚೆಲುವು ಯಾರನ್ನಾದರೂ ಹಿಡಿದಿಡುತ್ತದೆ. ಅದೇ ಅದರ ತೊಂದರೆ. ಕಾದಂಬರಿಯ ಕೊನೆಯಲ್ಲಿ ಯುಕಿಕೊ ಮದುವೆಗೆಂದು ಟೋಕಿಯೊ ರೈಲು ಹತ್ತಿದಾಗ ಅವಳ ಹೊಟ್ಟೆ ಕೆಟ್ಟಿರುತ್ತದೆ, ಪ್ರಯಾಣದಲ್ಲೂ ನಿಂತಿರುವುದಿಲ್ಲ. ಬಾಯಿ ಹೇಳಲಾಗದ ಅನಿಚ್ಛೆಯನ್ನು ಮೈ ಹೇಳುತ್ತಿದೆ. ಚಿತ್ರ ಆ ಒರಟು ಸತ್ಯವನ್ನು ಬಿಟ್ಟು, ಅವಳಿಗೆ ಗುಟ್ಟಾಗಿ ಮನಸೋತ ಭಾವನ ಕಣ್ಣೀರಿನಲ್ಲಿ ಮುಗಿಯುತ್ತದೆ. ಹೆಂಗಸಿನ ಮೈಯಿಂದ ಕಥೆ ಗಂಡಸಿನ ನೆನಪಿಗೆ ಜಾರಿತು. ಈ ಒಂದು ಕಡೆ ಮೂಲ ಲೇಖಕನೇ ಕ್ಯಾಮೆರಾಕ್ಕಿಂತ ನಿಷ್ಠುರನಾಗಿದ್ದ.

ಸೋಸೆಕಿಯನ್ನು ತೆರೆಗೆ ತರುವುದು ಯಾವಾಗಲೂ ಕಷ್ಟವಾಗಿದೆ. ‘ಕೊಕೊರೊ’ದ ಅರ್ಧ ಭಾರ ಒಂದು ದೀರ್ಘ ಪತ್ರದ ಮೇಲಿದೆ, 1955ರ ಇಚಿಕಾವಾ ಚಿತ್ರ ಶ್ರದ್ಧೆಯಿಂದ ಮಾಡಿದ್ದು, ಆದರೂ ಪತ್ರದ ಏಕಾಂತ ಅದರ ಕೈಗೆ ಸಿಗಲಿಲ್ಲ. ಯೊಶಿಮಿತ್ಸು ಮೊರಿತಾನ ‘ಸೊರೆಕಾರಾ’ (1985) ಮಾತ್ರ ಕೆಲಸವಿಲ್ಲದ ಓದಿದ ಯುವಕನ ನಿಶ್ಚಲತೆಗೆ ಒಂದು ಲಯ ಹುಡುಕಿಕೊಂಡಿತು. ಕೊಬೊ ಅಬೆ ತಾನೇ ಚಿತ್ರಕಥೆ ಬರೆದ ‘ಮರಳಿನ ಹೆಣ್ಣು’ (1964) ಇನ್ನೊಂದು ಬಗೆ: ನಗರದ ಕೀಟಸಂಗ್ರಾಹಕ ಶಿಕ್ಷಕನೊಬ್ಬ ಮರಳಿನ ಗುಂಡಿಯೊಳಗಿನ ಮನೆಯಲ್ಲಿ ಸಿಕ್ಕಿಬೀಳುತ್ತಾನೆ, ಅಲ್ಲಿಯ ಹೆಂಗಸು ಪ್ರತಿ ರಾತ್ರಿ ಮರಳು ತೋಡದಿದ್ದರೆ ಮನೆ ಉಳಿಯದು.

ರ್‍ಯೂಸುಕೆ ಹಮಾಗುಚಿಯ ‘ಡ್ರೈವ್ ಮೈ ಕಾರ್’ (2021) ಬರುವ ಹೊತ್ತಿಗೆ ಸಂಪ್ರದಾಯದ ವಿಳಾಸವೇ ಬದಲಾಗಿದೆ. ಹರುಕಿ ಮುರಾಕಾಮಿಯ ಸಣ್ಣ ಕಥೆಯನ್ನು ಮೂರು ತಾಸಿನ ಚಿತ್ರವಾಗಿ ಬೆಳೆಸಿದ ಆತ, ಅದರ ನಡುವೆ ಚೆಕಾಫ್‌ನ ‘ಅಂಕಲ್ ವಾನ್ಯಾ’ದ ತಾಲೀಮನ್ನು ತಂದಿಟ್ಟ. ಜಪಾನಿನ ಹೊಸ ರಂಗಭೂಮಿ ನೂರು ವರ್ಷದ ಹಿಂದೆ ಯುರೋಪಿನಿಂದ ತಂದುಕೊಂಡ ನಾಟಕಕಾರರಲ್ಲಿ ಚೆಕಾಫ್ ಒಬ್ಬ. ಅಂದು ಕಬುಕಿಯನ್ನು ಬದಿಗೆ ಸರಿಸಲು ಬಂದವನು ಇಂದು ಗೌರವದಿಂದ ಕಾಪಾಡಬೇಕಾದ ಪಠ್ಯವಾಗಿದ್ದಾನೆ. ಹಿರೊಶಿಮಾದಲ್ಲಿ ನಡೆಯುವ ತಾಲೀಮಿನಲ್ಲಿ ನಟರು ಜಪಾನಿ, ಮ್ಯಾಂಡರಿನ್ ಮಾತುಗಳಲ್ಲೂ ಕೊರಿಯನ್ ಸಂಜ್ಞಾಭಾಷೆಯಲ್ಲೂ ಒಬ್ಬರಿಗೊಬ್ಬರು ಉತ್ತರಿಸುತ್ತಾರೆ. ಸತ್ತ ಹೆಂಡತಿಯ ದನಿಯನ್ನು ಕ್ಯಾಸೆಟ್ಟಿನಲ್ಲಿ ಕೇಳುವ ನಾಯಕ ಹಿಂದಿನ ಸೀಟಿನಲ್ಲಿ. ಕಾರು ಓಡಿಸುವವಳು ಹೊಕ್ಕೈದೊದಲ್ಲಿ ಭೂಕುಸಿತಕ್ಕೆ ತಾಯಿಯನ್ನು ಕಳೆದುಕೊಂಡ ಹುಡುಗಿ ಮಿಸಾಕಿ. ಇಲ್ಲೂ ಗಂಡಸಿನ ದುಃಖವನ್ನು ಹೊತ್ತು ಸಾಗಿಸುವವಳು ಕೂಲಿಗೆ ಬಂದ ಹೆಣ್ಣೇ. ಆದರೆ ಹಮಾಗುಚಿ ಅವಳ ದುಃಖಕ್ಕೂ ಅಷ್ಟೇ ದಾರಿ, ಅಷ್ಟೇ ಹೊತ್ತು ಕೊಡುತ್ತಾನೆ. ಚಿತ್ರದ ಕೊನೆಯಲ್ಲಿ ಕಾರು ಅವಳ ಕೈಯಲ್ಲಿದೆ. ಅವಳಿರುವುದು ಕೊರಿಯಾದಲ್ಲಿ.

ಕೊನೆಗೆ, ಮೊದಲು ಹೇಳಿದ ಚಹಾ ವಿಧಿಗೇ ಮರಳೋಣ. ಚಹಾದ ಮಹಾಗುರು ರಿಕ್ಯೂ 1591ರಲ್ಲಿ ದೊರೆ ಹಿದೆಯೋಶಿಯ ಆಜ್ಞೆಯಂತೆ ಹೊಟ್ಟೆ ಸೀಳಿಕೊಂಡು ಸತ್ತ. ಈ ಕಥೆಯನ್ನು 1989ರಲ್ಲಿ ಇಬ್ಬರು ತೆರೆಗೆ ತಂದರು. ಕೇಯಿ ಕುಮಾಯಿ ಯಾಸುಶಿ ಇನೊವೆಯ ಕಾದಂಬರಿಯನ್ನು ಆರಿಸಿಕೊಂಡ, ಹಿರೊಶಿ ತೆಶಿಗಾಹಾರಾ ಯಾಎಕೊ ನೊಗಾಮಿಯದನ್ನು. ‘ಮರಳಿನ ಹೆಣ್ಣು’ ಮಾಡಿದ ಈ ತೆಶಿಗಾಹಾರಾ ಪುಷ್ಪಜೋಡಣೆಯ ಸೊಗೆತ್ಸು ಪಂಥವನ್ನು ಸ್ಥಾಪಿಸಿದವನ ಮಗ. 1980ರಿಂದ ತಾನೇ ಅದರ ಗುರುಪೀಠದಲ್ಲಿದ್ದ. ಪರಂಪರೆಯ ವಾರಸುದಾರನಾಗಿರುವುದೆಂದರೇನು ಎಂದು ಒಳಗಿನಿಂದ ಬಲ್ಲವನ ಕೆಲಸ ಅದು. ತೋಟದ ಹೂಗಳನ್ನೆಲ್ಲ ಕಿತ್ತು ಒಂದನ್ನೇ ಉಳಿಸುವ ರಿಕ್ಯೂ, ಚಿನ್ನದ ಚಹಾಕೋಣೆ ಕಟ್ಟಿಸಿದ ಹಿದೆಯೋಶಿ, ಪೋರ್ಚುಗೀಸರು ತಂದ ಭೂಗೋಳ, ಕೊರಿಯಾದ ಮೇಲೆ ದಂಡೆತ್ತುವ ಹುಚ್ಚು. ಇಬ್ಬರು ಗಂಡಸರ ನಡುವಿನ ಮಾತಾಗಿ ಈ ಚಿತ್ರ ದೊಡ್ಡದು.

ಆದರೆ ಆ ಮನೆಯಲ್ಲಿ ಮಗಳೂ ಇದ್ದಳು. 1962ರಲ್ಲೇ ಕಿನುಯೊ ತನಾಕಾ, ತೊಕೊ ಕೋನ್‌ನ ಕಾದಂಬರಿಯಿಂದ ‘ಓಗಿನ್ ಸಾಮಾ’ ಚಿತ್ರವನ್ನು ನಿರ್ದೇಶಿಸಿದ್ದಳು. ಗೋಶೊವಿನ ನರ್ತಕಿ, ಓಹಾರು, ಸಾನ್ಶೊವಿನ ಕುರುಡು ತಾಯಿ, ನರಾಯಾಮಾದ ಮುದುಕಿ, ಇವರೆಲ್ಲರನ್ನೂ ನಟಿಸಿದವಳು 1953ರಲ್ಲಿ ನಿರ್ದೇಶನಕ್ಕೆ ಇಳಿದಾಗ, ಆಕೆಯಿಂದ ಅಷ್ಟು ದೊಡ್ಡ ಅಭಿನಯ ತೆಗೆದ ಮಿಜೋಗುಚಿಯೇ ಅದನ್ನು ವಿರೋಧಿಸಿದ. ಆಕೆ ನಿಲ್ಲಲಿಲ್ಲ, ಆರು ಚಿತ್ರ ಮಾಡಿದಳು. ಆರನೆಯದು ಇದು. ರಿಕ್ಯೂನ ಮಲಮಗಳು ಓಗಿನ್ ಕ್ರೈಸ್ತ ಸಾಮಂತ ಉಕೊನ್ ತಕಾಯಾಮಾನನ್ನು ಪ್ರೀತಿಸುತ್ತಾಳೆ, ಹಿದೆಯೋಶಿಯ ಕಾಮಕ್ಕೆ ಒಪ್ಪುವುದಿಲ್ಲ, ಸಾವನ್ನು ಆರಿಸಿಕೊಳ್ಳುತ್ತಾಳೆ. ಅದೇ ಚಹಾಕೋಣೆ, ಅದೇ ದೊರೆ, ಅದೇ ಗುರು, ಆದರೆ ನೋಟ ಅವಳದು. ತನಾಕಾಳ ಚಿತ್ರಗಳು ಈಗ ಪುನರುಜ್ಜೀವನಗೊಂಡು ಉತ್ಸವಗಳಲ್ಲಿ ಮತ್ತೆ ಕಾಣುತ್ತಿವೆ. ನಮ್ಮ ಚಿತ್ರಸಮಾಜಗಳವರು ಜಪಾನಿನ ಸಾಹಿತ್ಯಾಧಾರಿತ ಚಿತ್ರಗಳನ್ನು ತೋರಿಸುವಾಗ ‘ರಾಶೊಮೊನ್’ನಿಂದ ಶುರುಮಾಡಿ ಅಲ್ಲೇ ನಿಲ್ಲುವ ಬದಲು, ಒಂದು ಸಂಜೆ ‘ಓಗಿನ್ ಸಾಮಾ’ವನ್ನೂ ಮರುಸಂಜೆ ತೆಶಿಗಾಹಾರಾನ ‘ರಿಕ್ಯೂ’ವನ್ನೂ ತೋರಿಸಲಿ. ಇದೇ ಕ್ರಮದಲ್ಲಿ, ಮಗಳ ಚಿತ್ರ ಮೊದಲು.